ಪರದೇಶದಲ್ಲಿ ವ್ಯಾಪಾರ: ಲಂಚದ ಮಾತು ಬರುವ ಮುನ್ನ ಮುಂಬಯಿಯಲ್ಲೇ ಮುಗಿಸಬೇಕಾದ ಕೆಲಸಗಳು

ಮಾಟುಂಗಾ, ಮುಲುಂಡ್, ಡೊಂಬಿವಲಿ, ವಾಶಿ ಕಡೆಯ ಕನ್ನಡಿಗ ವ್ಯಾಪಾರಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಆಫ್ರಿಕಾಕ್ಕೆ ಮಾಲು ಕಳಿಸಬೇಕೆಂದಿದ್ದೇವೆ, ಅಲ್ಲಿನ ಬಂದರಿನಲ್ಲಿ ಎಷ್ಟು ಕೊಡಬೇಕಾಗುತ್ತದೆ?" ಕೇಳುವವರಲ್ಲಿ ಸ್ಟೀಲ್ ಪಾತ್ರೆಯವರಿದ್ದಾರೆ, ಮಸಾಲೆ ಪುಡಿಯವರಿದ್ದಾರೆ, ಇಲ್ಲಿನ ಹೋಟೆಲಿನ ಶಾಖೆಯೊಂದನ್ನು ನೈರೋಬಿಯಲ್ಲೋ ದುಬೈಯಲ್ಲೋ ತೆರೆಯುವ ಯೋಚನೆಯಲ್ಲಿರುವವರೂ ಇದ್ದಾರೆ. ಈ ಪ್ರಶ್ನೆಗೆ ಮೊತ್ತ ಹೇಳುವ ದಲ್ಲಾಳಿಗಳು ಮಸ್ಜಿದ್ ಬಂದರ್‌ನ ಗಲ್ಲಿಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆದರೆ ಮೊತ್ತವನ್ನು ಮೊದಲೇ ಕೇಳಿಕೊಂಡು ಹೊರಟವರು ಅದನ್ನು ಕೊಟ್ಟೇ ಬರುತ್ತಾರೆ.

ನನ್ನ ತಿಳಿವಳಿಕೆಯಲ್ಲಿ ಲಂಚ ಕೇಳುವವನ ಕೈಯಲ್ಲಿ ಎರಡೇ ಹಿಡಿಗಳಿರುತ್ತವೆ: ನಿಮ್ಮ ಕಡತದಲ್ಲಿ ಇಲ್ಲದ ಒಂದು ಕಾಗದ, ಮತ್ತು ನಿಮ್ಮ ಬಳಿ ಇಲ್ಲದ ಸಮಯ. ಇವೆರಡನ್ನೂ ನ್ಹಾವಾ ಶೇವಾ ಬಂದರಿನಿಂದ ಕಂಟೇನರ್ ಹೊರಡುವ ಮೊದಲೇ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಉದಾಹರಣೆಗಾಗಿ ಹೆಚ್ಚಾಗಿ ಕೀನ್ಯಾವನ್ನೇ ತೆಗೆದುಕೊಂಡಿದ್ದೇನೆ. ನಮ್ಮವರು ಅಲ್ಲಿಗೆ ಹೆಚ್ಚು ಹೋಗುತ್ತಾರೆ, ಅಲ್ಲಿನ ನಿಯಮಗಳು ತಕ್ಕಮಟ್ಟಿಗೆ ಬಹಿರಂಗವಾಗಿಯೂ ಇವೆ.

1. ಯಾವ ಕಾನೂನು ನಿಮಗೆ ಅನ್ವಯಿಸುತ್ತದೆ ಎಂದು ತಿಳಿಯಿರಿ

"ಪರದೇಶದಲ್ಲಿ ಕೊಟ್ಟದ್ದನ್ನು ಇಲ್ಲಿ ಯಾರು ಕೇಳುತ್ತಾರೆ" ಎಂಬ ಮಾತನ್ನು ನಂಬಬೇಡಿ. ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಪ್ರತ್ಯೇಕ ಅಪರಾಧವಾಗಿಸುವ ಮಸೂದೆ ನಮ್ಮ ಸಂಸತ್ತಿನಲ್ಲಿ 2011ರಲ್ಲಿ ಮಂಡನೆಯಾಗಿ ಕಾಯ್ದೆಯಾಗದೆ ಉಳಿಯಿತು ಎಂಬುದು ನಿಜ. ಆದರೆ 2022ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ ಒಂದು ವಿವರಣೆಯನ್ನು ಸೇರಿಸಿ, ಭಾರತದ ಕಾನೂನಿನಂತೆಯೇ ಹೊರದೇಶದ ಕಾನೂನಿನ ಪ್ರಕಾರ ಅಪರಾಧವಾಗುವ ಖರ್ಚನ್ನೂ ವ್ಯಾಪಾರದ ಖರ್ಚೆಂದು ತೋರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಕೊಟ್ಟ ಹಣವೂ ಹೋಗುತ್ತದೆ, ಅದರ ಮೇಲಿನ ತೆರಿಗೆಯೂ ನಿಮ್ಮ ತಲೆಯ ಮೇಲೆ ಬರುತ್ತದೆ.

ಹೋದ ದೇಶದ ಕಾನೂನು ಇದಕ್ಕಿಂತ ಕಠಿಣ. ಕೀನ್ಯಾದ 2016ರ ಲಂಚ ಕಾಯ್ದೆಯಲ್ಲಿ ಕೊಡುವವನಿಗೂ ತೆಗೆದುಕೊಳ್ಳುವವನಿಗೂ 10 ವರ್ಷದವರೆಗೆ ಸೆರೆವಾಸವಿದೆ. ಅಷ್ಟೇ ಅಲ್ಲದೆ, ಖಾಸಗಿ ಸಂಸ್ಥೆಯಲ್ಲಿ ಜವಾಬ್ದಾರಿಯ ಸ್ಥಾನದಲ್ಲಿರುವವರು ಲಂಚದ ಸುಳಿವು ಸಿಕ್ಕ 24 ಗಂಟೆಗಳೊಳಗೆ ಅಲ್ಲಿನ ಭ್ರಷ್ಟಾಚಾರ ವಿರೋಧಿ ಆಯೋಗಕ್ಕೆ ತಿಳಿಸಬೇಕು. ನಿಮ್ಮ ಖರೀದಿದಾರನಿಗೆ ಬ್ರಿಟನ್ನಿನ ಮೂಲ ಕಂಪನಿಯಿದ್ದರೆ 2010ರ ಬ್ರಿಟಿಷ್ ಲಂಚ ಕಾಯ್ದೆಯ ಷರತ್ತುಗಳಿಗೆ ಅವನು ನಿಮ್ಮಿಂದಲೂ ಸಹಿ ಮಾಡಿಸಿಕೊಳ್ಳುತ್ತಾನೆ. ಆ ಕಾಯ್ದೆಯಲ್ಲಿ 'ಸ್ಪೀಡ್ ಮನಿ'ಗೂ, ಎಂದರೆ ಹೇಗಿದ್ದರೂ ಆಗಬೇಕಾದ ಕೆಲಸವನ್ನು ಬೇಗ ಮಾಡಿಸಲು ಕೊಡುವ ಸಣ್ಣ ಹಣಕ್ಕೂ, ವಿನಾಯಿತಿಯಿಲ್ಲ. ಅಮೆರಿಕದ 1977ರ ಕಾಯ್ದೆಯಲ್ಲಿ ಅಂಥ ವಿನಾಯಿತಿ ಸ್ವಲ್ಪಮಟ್ಟಿಗೆ ಇದೆ. ಅದನ್ನು ಎಲ್ಲೋ ಓದಿ "ಸಣ್ಣ ಮೊತ್ತಕ್ಕೆ ತೊಂದರೆಯಿಲ್ಲ" ಎಂದು ಹೇಳುವವರು ನೈರೋಬಿಯಲ್ಲಿ ಅಮೆರಿಕದ ಕಾನೂನು ನಡೆಯುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಇಲ್ಲಿನ ಬಂದರಿನಲ್ಲೂ ಇದೇ ಎಚ್ಚರ ಬೇಕು. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಾದ ತಿದ್ದುಪಡಿಯ ನಂತರ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನಗಳೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ.

2. ಮುಂಬಯಿಯ ಕಾಗದಗಳನ್ನು ಪೂರ್ತಿ ಮಾಡಿಕೊಳ್ಳಿ

ಇದು ಬೇಸರದ ಹಂತ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಐಇಸಿ, ಎಂದರೆ ರಫ್ತು-ಆಮದು ಸಂಕೇತ ಸಂಖ್ಯೆ, ಆನ್‌ಲೈನಿನಲ್ಲಿ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ದೃಢಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಬ್ಯಾಂಕಿನಿಂದ ಎಡಿ ಕೋಡ್, ಎಂದರೆ ವಿದೇಶಿ ವಿನಿಮಯ ನಡೆಸುವ ಶಾಖೆಯ ಗುರುತು ಸಂಖ್ಯೆ, ಪಡೆದು, ನೀವು ಮಾಲು ಕಳಿಸುವ ಬಂದರಿಗೆ ಸಂಬಂಧಿಸಿದಂತೆ ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದಲ್ಲಿ ನೋಂದಾಯಿಸಬೇಕು. ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯ ಮುಚ್ಚಳಿಕೆ ಪತ್ರವನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು. ಮಸಾಲೆಯವರಿಗೆ ಸಾಂಬಾರ ಮಂಡಳಿಯ ರಫ್ತುದಾರ ನೋಂದಣಿ ಕಡ್ಡಾಯ.

ಮಾಲಿನ ಮೂಲ ಪ್ರಮಾಣಪತ್ರವನ್ನು, ಎಂದರೆ ಸರಕು ಭಾರತದಲ್ಲೇ ತಯಾರಾಯಿತೆಂದು ಹೇಳುವ ಕಾಗದವನ್ನು, ವಾಣಿಜ್ಯ ಮಂಡಳಿಗಳು ಕೊಡುತ್ತವೆ. ಕಂಪನಿಯ ದಾಖಲೆಗಳನ್ನು ಹೊರದೇಶದ ಕಚೇರಿಗೆ ಸಲ್ಲಿಸಬೇಕಾದಾಗ, ಆ ದೇಶ 1961ರ ಹೇಗ್ ಒಡಂಬಡಿಕೆಯಲ್ಲಿದ್ದರೆ ಅಪೊಸ್ಟಿಲ್ ಎಂಬ ಒಂದೇ ಮುದ್ರೆ ಸಾಕು. ಇಲ್ಲದಿದ್ದರೆ ಆ ದೇಶದ ದೂತಾವಾಸದ ಮುದ್ರೆಯೂ ಬೇಕಾಗುತ್ತದೆ. ಇದನ್ನು ಇಲ್ಲಿಯೇ ಮಾಡಿಸಿಕೊಳ್ಳದೆ ವಿಮಾನ ಹತ್ತಿದವರಿಗೆ ಅಲ್ಲಿ "ನಾನು ಹೊಂದಿಸಿಕೊಡುತ್ತೇನೆ" ಎನ್ನುವವನು ಮೊದಲ ದಿನವೇ ಸಿಗುತ್ತಾನೆ.

ಕೀನ್ಯಾಕ್ಕೆ ಹೋಗುವ ಮಾಲಿಗೆ ಇನ್ನೊಂದು ಮುಖ್ಯ ಕಾಗದವಿದೆ. ಅಲ್ಲಿನ ಮಾನಕ ಸಂಸ್ಥೆ ಒಪ್ಪಿರುವ ತಪಾಸಣಾ ಕಂಪನಿಯೊಂದು ಮಾಲನ್ನು ಇಲ್ಲಿಯೇ ಪರೀಕ್ಷಿಸಿ ಅನುಸರಣಾ ಪ್ರಮಾಣಪತ್ರ ಕೊಡಬೇಕು. ನೈಜೀರಿಯಾದಲ್ಲಿ ಇದೇ ಬಗೆಯ ವ್ಯವಸ್ಥೆಗೆ ಸೋನ್‌ಕ್ಯಾಪ್ ಎನ್ನುತ್ತಾರೆ, ಆಹಾರ ಪದಾರ್ಥಕ್ಕೆ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ನಾಫ್‌ಡ್ಯಾಕ್‌ನ ನೋಂದಣಿಯೂ ಬೇಕು. ಈ ಪ್ರಮಾಣಪತ್ರವಿಲ್ಲದೆ ಕೀನ್ಯಾದ ಬಂದರಾದ ಮೊಂಬಾಸಾ ತಲುಪಿದ ಮಾಲಿಗೆ ಅಲ್ಲಿಯೇ ತಪಾಸಣೆ, ದಂಡ, ಕಾಯುವಿಕೆ ಎಲ್ಲವೂ ಒಟ್ಟಿಗೆ ಬರುತ್ತವೆ, ಅವುಗಳ ಹಿಂದೆಯೇ ಸಹಾಯದ ಹಸ್ತವೂ ಚಾಚಿಕೊಂಡು ಬರುತ್ತದೆ.

3. ಅಧಿಕೃತ ಶುಲ್ಕದ ಪಟ್ಟಿಯನ್ನು ಮುದ್ರಿಸಿಕೊಳ್ಳಿ

ಯಾವುದು ಸರ್ಕಾರಿ ಶುಲ್ಕ ಎಂದು ಗೊತ್ತಿಲ್ಲದವನಿಗೆ ಯಾವುದು ಲಂಚ ಎಂದೂ ಗೊತ್ತಾಗುವುದಿಲ್ಲ. 2017ರ ಫೆಬ್ರವರಿಯಲ್ಲಿ ಜಾರಿಗೆ ಬಂದ ವಿಶ್ವ ವಾಣಿಜ್ಯ ಸಂಸ್ಥೆಯ ವ್ಯಾಪಾರ ಸೌಲಭ್ಯ ಒಪ್ಪಂದದ ಮೊದಲ ವಿಧಿಯೇ, ಆಮದಿನ ಕ್ರಮ, ನಮೂನೆ, ಶುಲ್ಕಗಳನ್ನು ಪ್ರಕಟಿಸಬೇಕು ಮತ್ತು ವಿಚಾರಣೆಗೆ ಉತ್ತರಿಸುವ ಕೇಂದ್ರವನ್ನು ಇಡಬೇಕು ಎನ್ನುತ್ತದೆ. ಕೀನ್ಯಾದಲ್ಲಿ ಇನ್ಫೋಟ್ರೇಡ್ ಎಂಬ ಸರ್ಕಾರಿ ಜಾಲತಾಣ ಪ್ರತಿ ಹಂತವನ್ನೂ ಬಿಡಿಸಿ ಹೇಳುತ್ತದೆ: ಯಾವ ಕಚೇರಿ, ಯಾವ ನಮೂನೆ, ಎಷ್ಟು ಶುಲ್ಕ, ಯಾವ ಕಾನೂನಿನ ಆಧಾರ. ತಾಂಜಾನಿಯಾ, ಉಗಾಂಡಾ, ರುವಾಂಡಾಗಳಿಗೂ ಇಂಥ ತಾಣಗಳಿವೆ. ನಿಮ್ಮ ಸರಕಿನ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಒಂದು ನಿಮ್ಮ ಕಡತಕ್ಕೆ, ಇನ್ನೊಂದು ಅಲ್ಲಿನ ಏಜೆಂಟ್‌ಗೆ.

ಸರಕಿನ ಎಚ್‌ಎಸ್ ಸಂಕೇತವನ್ನು, ಎಂದರೆ ಸುಂಕ ನಿರ್ಧಾರಕ್ಕಾಗಿ ಪ್ರಪಂಚದಾದ್ಯಂತ ಬಳಸುವ ವರ್ಗೀಕರಣ ಸಂಖ್ಯೆಯನ್ನು, ಖರೀದಿದಾರನ ಜೊತೆ ಮೊದಲೇ ಮಾತಾಡಿ ಖಚಿತಪಡಿಸಿಕೊಳ್ಳಿ. ಕೀನ್ಯಾ, ತಾಂಜಾನಿಯಾ ಮೊದಲಾದ ದೇಶಗಳ ಒಕ್ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ಸಾಮಾನ್ಯ ಸುಂಕದಲ್ಲಿ 0, 10, 25, 35 ಶೇಕಡಾ ಎಂಬ ನಾಲ್ಕು ಮುಖ್ಯ ಮೆಟ್ಟಿಲುಗಳಿವೆ. ಒಂದೇ ಸರಕು 25ರದೋ 35ರದೋ ಎಂಬ ಅನುಮಾನ ಬಂದರಿನಲ್ಲಿ ಎದ್ದರೆ ತೀರ್ಮಾನ ಅಧಿಕಾರಿಯ ಮರ್ಜಿಗೆ ಬೀಳುತ್ತದೆ, ಮತ್ತು ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅನುಮಾನವಿದ್ದರೆ ಆಮದುದಾರನು ಅಲ್ಲಿನ ಕಸ್ಟಮ್ಸ್‌ನಿಂದ ಮುಂಗಡ ನಿರ್ಣಯ ಪಡೆಯಬಹುದು. ಇದಕ್ಕೂ ಅದೇ ಒಪ್ಪಂದದಲ್ಲಿ ಅವಕಾಶವಿದೆ.

4. ಮಾರಾಟದ ಷರತ್ತನ್ನು ಎಚ್ಚರದಿಂದ ಆರಿಸಿ

ಎಫ್‌ಒಬಿ ಎಂದರೆ ಮಾಲನ್ನು ಇಲ್ಲಿನ ಹಡಗಿಗೆ ಏರಿಸುವವರೆಗೆ ನಿಮ್ಮ ಹೊಣೆ. ಸಿಐಎಫ್ ಎಂದರೆ ಜೊತೆಗೆ ವಿಮೆ ಮತ್ತು ಸಾಗಣೆಯ ವೆಚ್ಚವೂ ನಿಮ್ಮದು. ಡಿಡಿಪಿ ಎಂದರೆ ಆ ದೇಶದ ಸುಂಕ ಕಟ್ಟಿ, ಮಾಲು ಬಿಡಿಸಿ, ಖರೀದಿದಾರನ ಬಾಗಿಲಿಗೆ ಮುಟ್ಟಿಸುವವರೆಗೂ ನಿಮ್ಮದೇ ಹೊಣೆ. ಹೊಸ ಖರೀದಿದಾರರು "ಎಲ್ಲ ಸೇರಿಸಿ ಒಂದೇ ದರ ಹೇಳಿ" ಎಂದು ಡಿಡಿಪಿಯನ್ನು ಸಲೀಸಾಗಿ ಒಪ್ಪಿಸುತ್ತಾರೆ. ಒಪ್ಪಿದ ಕ್ಷಣದಿಂದ ಮೊಂಬಾಸಾದ ಮೇಜಿನ ಮುಂದೆ ನಿಲ್ಲಬೇಕಾದವರು ನೀವು, ಅದೂ ಊರು, ಭಾಷೆ, ಜನ ಯಾವುದೂ ಗೊತ್ತಿಲ್ಲದ ನೀವು. ಸಣ್ಣ ರಫ್ತುದಾರರು ಡಿಡಿಪಿಯನ್ನು ಒಪ್ಪಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಯದ ವಿಷಯ ಬರುವುದೂ ಇಲ್ಲಿಯೇ. ಕಂಟೇನರ್ ಬಂದರಿನಲ್ಲಿ ಉಚಿತ ದಿನಗಳನ್ನು ಮೀರಿ ನಿಂತರೆ ಡೆಮರೇಜ್ ಎಂಬ ದಿನಬಾಡಿಗೆ ಏರುತ್ತದೆ. ಖಾಲಿ ಕಂಟೇನರನ್ನು ಹಡಗು ಕಂಪನಿಗೆ ತಡವಾಗಿ ಮರಳಿಸಿದರೆ ಡಿಟೆನ್ಷನ್ ಎಂಬುದು ಬೇರೆ. ದಿನಕ್ಕಿಷ್ಟು ಡಾಲರ್ ಎಂದು ಮೀಟರ್ ಓಡುತ್ತಿರುವಾಗ ಯಾರಾದರೂ "ಇವತ್ತೇ ಬಿಡಿಸಿಕೊಡುತ್ತೇನೆ" ಎಂದರೆ ಗಟ್ಟಿ ಮನಸ್ಸಿನವರೂ ಕರಗುತ್ತಾರೆ. ಆದ್ದರಿಂದ ಹಡಗಿನ ಬುಕಿಂಗ್ ಮಾಡುವಾಗಲೇ ಡಿಟೆನ್ಷನ್‌ನ ಉಚಿತ ದಿನಗಳನ್ನು 14ಕ್ಕೋ 21ಕ್ಕೋ ಏರಿಸುವಂತೆ ಸಾಗಣೆಯ ಏರ್ಪಾಡು ಮಾಡುವ ಫಾರ್ವರ್ಡರ್ ಮೂಲಕ ಕೇಳಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ಕೇಳಿದವರಿಗೆ ಇದು ಹಲವು ಬಾರಿ ಸಿಗುತ್ತದೆ. ಕೇಳದವರಿಗೆ ತಾನಾಗಿ ಯಾರೂ ಕೊಡುವುದಿಲ್ಲ.

5. ಏಜೆಂಟನ್ನು ನೇಮಿಸುವ ಮೊದಲು ಪರೀಕ್ಷಿಸಿ

ವಿದೇಶದಲ್ಲಿ ಲಂಚ ಸಾಮಾನ್ಯವಾಗಿ ವ್ಯಾಪಾರಿಯ ಕೈಯಿಂದ ನೇರವಾಗಿ ಹೋಗುವುದಿಲ್ಲ. ಏಜೆಂಟಿನ ಬಿಲ್ಲಿನಲ್ಲಿ "ಇತರೆ ಖರ್ಚು", "ಸಮನ್ವಯ", "ಸೌಲಭ್ಯ ಶುಲ್ಕ" ಎಂಬ ಸಾಲಾಗಿ ಹೋಗುತ್ತದೆ. "ಅದು ಅವನ ವ್ಯವಹಾರ, ನಮಗೇನು" ಎಂಬ ವಾದವನ್ನು ಬ್ರಿಟಿಷ್ ಕಾಯ್ದೆ ಒಪ್ಪುವುದಿಲ್ಲ, ಕೀನ್ಯಾದ್ದೂ ಒಪ್ಪುವುದಿಲ್ಲ.

ಆದ್ದರಿಂದ ಮೊದಲು ಅವನ ಕಸ್ಟಮ್ಸ್ ಪರವಾನಗಿಯ ಪ್ರತಿಯನ್ನು ಕೇಳಿ, ಕೀನ್ಯಾದವನಾದರೆ ಕಂದಾಯ ಪ್ರಾಧಿಕಾರದ ಪರವಾನಗಿ ಪಡೆದ ಏಜೆಂಟರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಕಚೇರಿಯ ವಿಳಾಸಕ್ಕೆ ಯಾರಾದರೂ ಒಮ್ಮೆ ಹೋಗಿ ಬರಲಿ. ಅವನ ಕೆಲಸ ಏನು, ಯಾವುದಕ್ಕೆ ಎಷ್ಟು ಎಂಬುದನ್ನು ಸಾಲುಸಾಲಾಗಿ ಬರೆದ ಒಪ್ಪಂದ ಮಾಡಿ. ಸರ್ಕಾರಕ್ಕೆ ಕಟ್ಟಿದ ಪ್ರತಿ ಶುಲ್ಕಕ್ಕೂ ಮೂಲ ರಸೀದಿ ಲಗತ್ತಿಸದಿದ್ದರೆ ಹಣ ಕೊಡುವುದಿಲ್ಲ ಎಂಬ ಷರತ್ತು ಅದರಲ್ಲಿರಲಿ. ಇದನ್ನು ಕೇಳಿದೊಡನೆ "ಇಲ್ಲಿ ಹಾಗೆ ನಡೆಯುವುದಿಲ್ಲ ಸಾರ್" ಎಂದು ನಗುವವನನ್ನು ಅಲ್ಲಿಗೇ ಬಿಡಿ, ಅವನು ತನ್ನ ದರಪಟ್ಟಿಯನ್ನು ಹೇಳಿಯಾಯಿತು.

ಇನ್ನು ಕೆಲವು ಲಕ್ಷಣಗಳು: ಕಮಿಷನ್ ಕೆಲಸಕ್ಕೆ ಮೀರಿ ದೊಡ್ಡದಾಗಿರುವುದು, ಅವನಿರುವ ದೇಶ ಬಿಟ್ಟು ಮೂರನೆಯ ದೇಶದ ಖಾತೆಗೆ, ಅಥವಾ ಬೇರೊಬ್ಬರ ಹೆಸರಿಗೆ ಹಣ ಹಾಕಲು ಹೇಳುವುದು, ಅವನನ್ನೇ ನೇಮಿಸಿಕೊಳ್ಳಿ ಎಂದು ಅಧಿಕಾರಿಯೇ ಶಿಫಾರಸು ಮಾಡುವುದು. ಅಧಿಕಾರಿಯ ಶಿಫಾರಸು ಎಷ್ಟೇ ವಿನಯದಿಂದ ಬಂದರೂ ಬೇಡವೆನ್ನಿ. ಕಮಿಷನ್ನನ್ನು ನಿಮ್ಮ ಬ್ಯಾಂಕಿನ ಮೂಲಕವೇ, ತೆರಿಗೆ ನಮೂನೆಗಳೊಂದಿಗೆ ಕಳಿಸಿ. ಕೊಲ್ಲಿ ದೇಶಗಳಲ್ಲಿ ಪಿಆರ್‌ಒ ಎಂಬ ವೃತ್ತಿಯೇ ಇದೆ. ಪರವಾನಗಿ, ವೀಸಾ ಕಾಗದಗಳನ್ನು ಕಚೇರಿಯಿಂದ ಕಚೇರಿಗೆ ಒಯ್ಯುವವರು ಅವರು. ಆ ಕೆಲಸ ಕಾನೂನುಬದ್ಧ, ಆದರೆ ಅವರ ಸೇವಾಶುಲ್ಕ ಬೇರೆ, ಸರ್ಕಾರಿ ಶುಲ್ಕ ಬೇರೆ ಎಂದು ಎರಡು ಸಾಲಾಗಿ ಬಿಲ್ ಮಾಡಿಸಿ.

6. "ಬಿಲ್ಲಿನಲ್ಲಿ ಅರ್ಧ ತೋರಿಸಿ" ಎಂಬ ಬೇಡಿಕೆ

ಹೊಸಬರು ಸಿಕ್ಕಿಬೀಳುವುದು ಬಹುಪಾಲು ಇಲ್ಲಿ. 20,000 ಡಾಲರ್ ಮಾಲಿಗೆ 10,000ದ ಇನ್‌ವಾಯ್ಸ್ ಮಾಡಿ, ಉಳಿದದ್ದನ್ನು ಮುಂಬಯಿಯಲ್ಲೇ ನಗದಾಗಿ ತಲುಪಿಸುತ್ತೇವೆ ಎಂದು ಖರೀದಿದಾರ ಹೇಳುತ್ತಾನೆ. ಅವನಿಗೆ ಸುಂಕ ಉಳಿಯುತ್ತದೆ. ನಿಮ್ಮ ಕೈಗೆ ಬರುವ ಆ ನಗದು ಹವಾಲಾ, ಎಂದರೆ ಬ್ಯಾಂಕಿನ ಹೊರಗೆ ದೇಶದಿಂದ ದೇಶಕ್ಕೆ ಸಾಗಿಸುವ ಹಣ. ಮುಂಬಯಿಯಲ್ಲಿ ಇದು ಎಷ್ಟು ಸಲೀಸಾಗಿ ನಡೆಯುತ್ತದೆಂದರೆ ಹಲವರಿಗೆ ಇದು ಅಪರಾಧವೆಂದೇ ಅನ್ನಿಸುವುದಿಲ್ಲ.

ಪರಿಣಾಮವನ್ನು ಲೆಕ್ಕ ಹಾಕಿ. ಕಸ್ಟಮ್ಸ್ ಕಾಯ್ದೆಯಲ್ಲಿ ತಿಳಿದೂ ಸುಳ್ಳು ದಾಖಲೆ ಸಲ್ಲಿಸಿದ್ದಕ್ಕೆ ಸರಕಿನ ಮೌಲ್ಯದ ಐದು ಪಟ್ಟಿನವರೆಗೆ ದಂಡವಿದೆ. ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದಲ್ಲಿ ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ಖರೀದಿದಾರ ಉಳಿದ ಅರ್ಧ ಕೊಡದೆ ಕೈಯೆತ್ತಿದರೆ ನೀವು ಯಾವ ನ್ಯಾಯಾಲಯದಲ್ಲೂ ಅದನ್ನು ಕೇಳುವಂತಿಲ್ಲ, ಯಾಕೆಂದರೆ ನಿಮ್ಮದೇ ಸಹಿಯ ಬಿಲ್ಲು 10,000 ಎನ್ನುತ್ತದೆ. ಮಾಲಿನ ವಿಮೆಯೂ ಅಷ್ಟಕ್ಕೇ. ಇನ್ನೂ ಕೆಟ್ಟದ್ದೆಂದರೆ, ಮೊಂಬಾಸಾದ ಅಧಿಕಾರಿಗೆ ಮೌಲ್ಯ ಕಡಿಮೆಯೆಂದು ಅನುಮಾನ ಬಂದ ಮೇಲೆ ಅವನು ಕೇಳಿದ್ದಕ್ಕೆ ಇಲ್ಲ ಎನ್ನುವ ನೈತಿಕ ಬಲ ನಿಮಗೆ ಉಳಿದಿರುವುದಿಲ್ಲ. ಕಡತದಲ್ಲಿ ತೆರಪನ್ನು ಮಾಡಿಕೊಟ್ಟವರು ನೀವೇ.

ಖರೀದಿದಾರ ನಂಬಿಗಸ್ತನೇ ಎಂದು ತಿಳಿಯಲು ಮುಂಬಯಿಯಲ್ಲೇ ಪ್ರಧಾನ ಕಚೇರಿಯಿರುವ, 1957ರಲ್ಲಿ ಆರಂಭವಾದ ಇಸಿಜಿಸಿ ಎಂಬ ಕೇಂದ್ರ ಸರ್ಕಾರಿ ರಫ್ತು ಸಾಲ ವಿಮಾ ಸಂಸ್ಥೆಯನ್ನು ಬಳಸಿ. ಅದು ದೇಶಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವರ್ಗೀಕರಿಸುತ್ತದೆ, ಖರೀದಿದಾರನ ಮೇಲೆ ಎಷ್ಟು ಸಾಲದ ಮಿತಿ ಕೊಡಬಹುದೆಂದು ಪರಿಶೀಲಿಸುತ್ತದೆ. ಆದರೆ ಅದರ ಸಾಮಾನ್ಯ ಪಾಲಿಸಿಯಲ್ಲಿ ನಿಮ್ಮ ಏಜೆಂಟ್ ಮಾಡಿದ ವಂಚನೆಗೂ, ಖರೀದಿದಾರ ಆಮದು ಅನುಮತಿ ಪಡೆಯದೆ ಆದ ನಷ್ಟಕ್ಕೂ ಪರಿಹಾರವಿಲ್ಲ. ಆದ್ದರಿಂದ ಅನುಮತಿಯ ಪ್ರತಿ ಕೈಸೇರದೆ ಮಾಲು ಹಡಗು ಹತ್ತಬಾರದು.

7. ಕೇಳಿಯೇ ಬಿಟ್ಟಾಗ

ಕಾಗದ ಪೂರ್ತಿಯಿದ್ದರೂ ಕೇಳುವವರು ಕೇಳುತ್ತಾರೆ. ಕೀನ್ಯಾದಲ್ಲಿ ಅದು "ಚಾಯ್" ಅಥವಾ "ಕಿಟು ಕಿಡೋಗೋ" ಎಂದು ಬರುತ್ತದೆ, ಎರಡನೆಯದರ ಅರ್ಥ ಏನೋ ಸ್ವಲ್ಪ. ಹಣವೇ ಆಗಬೇಕೆಂದೂ ಇಲ್ಲ: ಹಡಗಿನ ಸಿಬ್ಬಂದಿಯಿಂದ ಸಿಗರೇಟ್ ಪೆಟ್ಟಿಗೆಗಳನ್ನು ಕೇಳುವ ಪದ್ಧತಿಯಿಂದಾಗಿ ಸುಯೆಜ್ ಕಾಲುವೆಗೆ ನಾವಿಕರು ಮಾರ್ಲ್‌ಬೊರೊ ಕಾಲುವೆ ಎಂದೇ ಹೆಸರಿಟ್ಟಿದ್ದರು. 2011ರಲ್ಲಿ ಹಡಗು ಕಂಪನಿಗಳು ಕಡಲ ಭ್ರಷ್ಟಾಚಾರ ವಿರೋಧಿ ಜಾಲವೊಂದನ್ನು ಕಟ್ಟಿಕೊಂಡು, ಎಲ್ಲರೂ ಒಟ್ಟಾಗಿ ಇಲ್ಲ ಎನ್ನುವ ಕ್ರಮವನ್ನು ಆರಂಭಿಸಿದವು. ಒಬ್ಬನೇ ಇಲ್ಲವೆಂದರೆ ಅವನ ಕೆಲಸ ಕೆಡುತ್ತದೆ, ಹತ್ತು ಜನ ಇಲ್ಲವೆಂದರೆ ಕೇಳುವವನಿಗೇ ಕಷ್ಟ.

ಆ ಸಮಯದಲ್ಲಿ ಜಗಳ ಬೇಡ, ಉಪದೇಶವಂತೂ ಖಂಡಿತ ಬೇಡ. ತಿಳಿಯಲಿಲ್ಲವೆಂಬಂತೆ ಶಾಂತವಾಗಿ ಹೀಗೆ ಕೇಳಿ: "ಈ ಶುಲ್ಕ ಯಾವ ನಿಯಮದ್ದು? ಅಧಿಕೃತ ರಸೀದಿ ಸಿಗುತ್ತದೆಯೇ? ನಮ್ಮ ಕಂಪನಿ ರಸೀದಿಯಿಲ್ಲದೆ ಒಂದು ಶಿಲ್ಲಿಂಗನ್ನೂ ಪಾಸು ಮಾಡುವುದಿಲ್ಲ." ಮುದ್ರಿಸಿ ತಂದ ಶುಲ್ಕಪಟ್ಟಿಯನ್ನು ಮೇಜಿನ ಮೇಲಿಡಿ. ಆಗಲೂ ಬಿಡದಿದ್ದರೆ ಯಾವ ಕೊರತೆಯಿಂದ ಕೆಲಸ ನಿಂತಿದೆ ಎಂಬುದನ್ನು ಬರೆದು ಕೊಡಿ ಎನ್ನಿ, ಮೇಲಧಿಕಾರಿಯನ್ನು ಕಾಣಬೇಕೆನ್ನಿ. ಬರೆದು ಕೊಡಲು ಯಾರೂ ಇಷ್ಟಪಡುವುದಿಲ್ಲ. ಕಚೇರಿಗೆ ಒಬ್ಬರೇ ಹೋಗಬೇಡಿ, ಜೇಬಿನಲ್ಲಿ ದೊಡ್ಡ ನಗದು ಇಟ್ಟುಕೊಂಡು ಹೋಗಲೇಬೇಡಿ, "ನಾಳೆ ನೋಡೋಣ" ಎಂಬ ಅರೆಬರೆ ಮಾತನ್ನೂ ಆಡಬೇಡಿ. ಅದನ್ನು ಅವರು ಒಪ್ಪಿಗೆ ಎಂದೇ ಲೆಕ್ಕ ಹಿಡಿಯುತ್ತಾರೆ.

ಕೀನ್ಯಾದಲ್ಲಿ ಪತ್ತೆ ಹಚ್ಚಲು ಒಂದು ಸುಲಭ ಗುರುತೂ ಇದೆ. 2007ರಲ್ಲಿ ಬಂದ ಎಂ-ಪೆಸಾ ಎಂಬ ಮೊಬೈಲ್ ಹಣದಲ್ಲೇ ಅಲ್ಲಿ ಬಹಳಷ್ಟು ಪಾವತಿ ನಡೆಯುವುದರಿಂದ, ಬಹುತೇಕ ಸರ್ಕಾರಿ ಸೇವೆಗಳ ಶುಲ್ಕವನ್ನು ಇ-ಸಿಟಿಜನ್ ತಾಣದ ಮೂಲಕ 222222 ಎಂಬ ಒಂದೇ ಪೇಬಿಲ್ ಸಂಖ್ಯೆಗೆ, ಎಂದರೆ ಸಂಸ್ಥೆಗೆ ಹಣ ಕಟ್ಟುವ ಸಂಖ್ಯೆಗೆ, ಕಟ್ಟುವ ಏರ್ಪಾಡಿದೆ. ಪಾವತಿ ಅಂತಿಮವಾಗುವ ಮೊದಲು ಹಣ ಯಾರಿಗೆ ಹೋಗುತ್ತಿದೆ ಎಂಬ ಹೆಸರು ಪರದೆಯ ಮೇಲೆ ಮೂಡುತ್ತದೆ. ಗುಮಾಸ್ತ ಹೇಳಿದ ಸಂಖ್ಯೆಗೆ ವ್ಯಕ್ತಿಯೊಬ್ಬನ ಹೆಸರು ಮೂಡಿದರೆ ಅಲ್ಲಿಗೇ ರದ್ದು ಮಾಡಿ.

ಒಂದು ಅಪವಾದವುಂಟು. ಪ್ರಾಣಕ್ಕೋ ದೇಹಕ್ಕೋ ಅಪಾಯವೆನ್ನುವ ಬೆದರಿಕೆ ಎದುರಾದರೆ ಕೊಟ್ಟು ಹೊರಬನ್ನಿ, ಅದು ಸುಲಿಗೆ. ಆದರೆ ಅದೇ ದಿನ ಏನಾಯಿತು, ಎಲ್ಲಿ, ಎಷ್ಟು ಎಂದು ಬರೆದು ಕಂಪನಿಗೂ ವಕೀಲರಿಗೂ ಕಳಿಸಿ, ಅಲ್ಲಿನ ಆಯೋಗಕ್ಕೆ ದೂರು ಕೊಡಿ. ಮಾಲು ತಡವಾಗುತ್ತದೆ ಎಂಬುದು ಇಂಥ ಬೆದರಿಕೆಯಲ್ಲ.

8. ಅನೌಪಚಾರಿಕ ಪೇಟೆಯನ್ನು ಲಂಚದ ಜೊತೆ ಬೆರೆಸಬೇಡಿ

ರಸೀದಿಯಿಲ್ಲದ ವ್ಯಾಪಾರವೆಲ್ಲ ಕಳ್ಳ ವ್ಯಾಪಾರವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಆಫ್ರಿಕಾದ ಉದ್ಯೋಗದಲ್ಲಿ ಸುಮಾರು 86 ಶೇಕಡಾ ಅನೌಪಚಾರಿಕ, ಎಂದರೆ ನೋಂದಣಿಯಿಲ್ಲದ ದುಡಿಮೆ. ಕೀನ್ಯಾದಲ್ಲಿ ಇದಕ್ಕೆ ಜುವಾ ಕಾಲಿ, ಸುಡುಬಿಸಿಲು ಎನ್ನುತ್ತಾರೆ. ಪಾತ್ರೆಯವರು ನೈರೋಬಿಯ ಕಾಮುಕುಂಜಿಗೆ ಒಮ್ಮೆ ಹೋಗಲೇಬೇಕು: ಲೋಹದ ತಗಡನ್ನು ಬಿಸಿಲಲ್ಲೇ ಕುಳಿತು ಬಡಿದು ಒಲೆ, ಪೆಟ್ಟಿಗೆ, ಪಾತ್ರೆ ಮಾಡುವವರ ಸಾಲು ಅಲ್ಲಿದೆ, ನಿಮ್ಮ ನಿಜವಾದ ಸ್ಪರ್ಧಿಗಳೂ ಅವರೇ, ಮುಂದೆ ಗ್ರಾಹಕರಾಗಬಹುದಾದವರೂ ಅವರೇ.

ಇವರಿಗೆ ನೀವು ನೇರವಾಗಿ ಮಾರಲು ಹೋಗಬೇಡಿ. ನೋಂದಾಯಿತ ವಿತರಕನೊಬ್ಬನಿಗೆ ಮಾರಿ. ಅವನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಎಂ-ಪೆಸಾದಲ್ಲಿ ಮಾರಿಕೊಳ್ಳಲಿ. ಅಲ್ಲಿ ಅಂಗಡಿಯನ್ನೇ ಇಡುವವರು ಕೀನ್ಯಾದ ಇ-ಟಿಮ್ಸ್ ಎಂಬ ವಿದ್ಯುನ್ಮಾನ ಬಿಲ್ ಪದ್ಧತಿಯನ್ನು ತಿಳಿದಿರಬೇಕು: 2024ರ ಆರಂಭದಿಂದ ಆ ಬಿಲ್ ಇಲ್ಲದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಹೋಟೆಲಿನವರು ಬೀದಿ ವ್ಯಾಪಾರಿಯಿಂದ ತರಕಾರಿ ಕೊಳ್ಳುವಾಗ ಇದೇ ಕಾಡುತ್ತದೆ.

ನೈರೋಬಿಯ ನಗರಾಡಳಿತದ ಸಿಬ್ಬಂದಿಯನ್ನು ಜನ "ಕಾಂಜೊ" ಎನ್ನುತ್ತಾರೆ. ದಾದರಿನ ಫೇರಿವಾಲರಿಗೆ ಹಫ್ತಾದ ಅನುಭವವಿರುವಂತೆ ಅಲ್ಲಿನ ಬೀದಿ ವ್ಯಾಪಾರಿಗಳಿಗೆ ಇವರ ಅನುಭವವಿದೆ. ಪರವಾನಗಿಯನ್ನು ಗೋಡೆಗೆ ತೂಗುಹಾಕಿದ ಅಂಗಡಿಗೆ ಅವರ ಕಾಟ ಕಡಿಮೆ. ಆಹಾರ ಮುಟ್ಟುವ ನೌಕರರ ಆರೋಗ್ಯ ಪ್ರಮಾಣಪತ್ರಗಳ ಅವಧಿ ಮುಗಿದಿಲ್ಲವೇ ಎಂದು ಪ್ರತಿ ತಿಂಗಳೂ ನೋಡಿಕೊಳ್ಳಿ.

ತಾಂಜಾನಿಯಾಕ್ಕೆ ಹೊರಟವರಿಗೆ ಬೇರೆಯೇ ಎಚ್ಚರಿಕೆ. ಅಲ್ಲಿನ ಸರ್ಕಾರ 2025ರ ಜುಲೈನಲ್ಲಿ ಚಿಲ್ಲರೆ ಮಾರಾಟ, ಮೊಬೈಲ್ ರಿಪೇರಿ ಮೊದಲಾದ 15 ಬಗೆಯ ವ್ಯವಹಾರಗಳನ್ನು ವಿದೇಶಿಯರಿಗೆ ನಿಷೇಧಿಸಿತು. "ನನ್ನ ಹೆಸರಿನಲ್ಲಿ ಲೈಸೆನ್ಸ್, ನಿಮ್ಮ ಬಂಡವಾಳ" ಎಂದು ಬರುವ ಸ್ಥಳೀಯ ಸ್ನೇಹಿತನನ್ನು ಒಪ್ಪಿಕೊಂಡರೆ ಬಂಡವಾಳ ಹೋದ ದಿನ ಕೇಳಲು ಜಾಗವಿರುವುದಿಲ್ಲ, ನಿಯಮ ಮುರಿದವರಲ್ಲಿ ನಿಮ್ಮ ಹೆಸರೂ ಇರುತ್ತದೆ.

9. ಲೆಕ್ಕವನ್ನು ಮರಳಿ ಬಂದ ವಾರದಲ್ಲೇ ಮುಗಿಸಿ

ಪ್ರತಿ ಶಿಪ್ಪಿಂಗ್ ಬಿಲ್ಲಿಗೂ, ಎಂದರೆ ಕಸ್ಟಮ್ಸ್‌ಗೆ ಸಲ್ಲಿಸಿದ ರಫ್ತು ಘೋಷಣೆಗೂ, ಬ್ಯಾಂಕಿಗೆ ಬಂದ ಹಣ ಹೊಂದಬೇಕು. ಹೊಂದದ್ದು ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಎಂಬ ನಿಗಾ ವ್ಯವಸ್ಥೆಯಲ್ಲಿ ಬಾಕಿಯೆಂದು ಉಳಿಯುತ್ತದೆ, ಮುಂದಿನ ರಫ್ತಿಗೆ ತೊಡಕಾಗುತ್ತದೆ. ಏಜೆಂಟಿನ ಬಿಲ್, ಅದರ ಹಿಂದಿನ ಸರ್ಕಾರಿ ರಸೀದಿಗಳು, ಕಚೇರಿಗಳಲ್ಲಿ ಯಾರನ್ನು ಕಂಡಿರಿ ಎಂಬ ದಿನಚರಿ, ಕೊಟ್ಟ ಸಣ್ಣ ಉಡುಗೊರೆಗಳಿದ್ದರೆ ಅವುಗಳ ವಿವರ, ಎಲ್ಲವೂ ಒಂದೇ ಕಡತದಲ್ಲಿರಲಿ. "ಇತರೆ ಖರ್ಚು" ಎಂಬ ಖಾತೆಯನ್ನೇ ತೆರೆಯಬೇಡಿ ಎಂದು ನಿಮ್ಮ ಅಕೌಂಟೆಂಟ್‌ಗೆ ಹೇಳಿ.

ಕಂಪನಿಯಾಗಿದ್ದರೆ ಲೆಕ್ಕಪುಸ್ತಕಗಳನ್ನು 8 ವರ್ಷ, ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಎಂ-ಪೆಸಾದ ರಸೀದಿ ಬರುವುದು ಫೋನಿಗೆ ಸಂದೇಶವಾಗಿ. ಫೋನ್ ಬದಲಾದರೆ ಅದೂ ಹೋಗುತ್ತದೆ. ಅಲ್ಲಿಂದ ವಿಮಾನ ಹತ್ತುವ ಮೊದಲೇ ಖಾತೆಯ ವಿವರಪಟ್ಟಿಯನ್ನು ಪಿಡಿಎಫ್ ಆಗಿ ತರಿಸಿಕೊಂಡು, ಮುದ್ರಿಸಿ, ಏಜೆಂಟಿನ ಬಿಲ್ಲಿನ ಹಿಂದೆ ಪಿನ್ ಮಾಡಿ.